ಮಂಜುಗಡ್ಡೆಯ ಲೈನ್ ಮನೆಗಳಲ್ಲಿ ಹೈಡ್ರೋಜನ್

ಓದುಗರೆಲ್ಲರಿಗೂ ನಮಸ್ಕಾರ. ಬರವಣಿಗೆ ನನಗೆ ರೂಢಿಯಿಲ್ಲ. ಕನ್ನಡದಲ್ಲಿ ಟೈಪ್ ಮಾಡುವುದನ್ನು ಕಲಿತದ್ದು ಈಚೆಗೆ, ಅದೂ ಒಂದೇ ಬೆರಳಿನಲ್ಲಿ. ಒತ್ತಕ್ಷರ ಬಂದಲ್ಲೆಲ್ಲ ನಿಂತು, ಕೀಲಿಮಣೆಯನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಒತ್ತುತ್ತೇನೆ. ಇಷ್ಟನ್ನು ಬರೆಯಲು ಹನ್ನೊಂದು ದಿನ ಹಿಡಿಯಿತು. ತಪ್ಪುಗಳು ಇದ್ದೇ ಇರುತ್ತವೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ನಡುವೆ ಸ್ವಲ್ಪ ರಸಾಯನಶಾಸ್ತ್ರ ಬರುತ್ತದೆ. ಹೆದರಬೇಡಿ, ನನಗೆ ಅರ್ಥವಾದಷ್ಟನ್ನೇ ಬರೆದಿದ್ದೇನೆ, ಅದು ಹೆಚ್ಚೇನಿಲ್ಲ.

ನಮ್ಮದು ಆಲ್ದೂರಿನಲ್ಲಿ ಒಂದು ಅಂಗಡಿ. ಗೋಣಿಚೀಲ, ಹಗ್ಗ, ಕತ್ತಿ, ಪ್ಲಾಸ್ಟಿಕ್ ಶೀಟು, ತೋಟದವರಿಗೆ ಬೇಕಾದ ಇಂಥ ಸಾಮಾನುಗಳು. ಅಪ್ಪನಿಗೆ ಕಾಲು ನೋವು ಹೆಚ್ಚಾದಾಗ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಲ್ಲಾದ ಮುಂದೆ ಕೂತೆ. ತಮ್ಮ ದೊಡ್ಡವನಾಗಿ ಅಂಗಡಿ ನೋಡಿಕೊಳ್ಳುವಂತಾದ ಮೇಲೆ, ತೊಂಬತ್ತರ ದಶಕದಲ್ಲಿ, ಮೂಡಿಗೆರೆಯಿಂದಾಚೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿಕೊಂಡೆ. ರೈಟರ್ ಅಂದರೆ ಹಾಜರಿ ಬರೆಯುವುದು, ಯಾರು ಯಾವ ಕೆಲಸಕ್ಕೆ ಅಂತ ಹಂಚುವುದು, ಹಣ್ಣು ಕೊಯ್ಲಿಗೆ ಬಂದವರಿಗೆ ಲೈನಿನಲ್ಲಿ ಮನೆ ತೋರಿಸುವುದು. ಲೈನ್ ಅಂದರೆ ಆಳುಗಳಿಗಾಗಿ ತೋಟದ ಅಂಚಿನಲ್ಲಿ ಒಂದಕ್ಕೊಂದು ಗೋಡೆ ಅಂಟಿಸಿ ಕಟ್ಟಿದ ಮನೆಗಳ ಸಾಲು.

ಅಲ್ಲಿ ಮಳೆಗಾಲಕ್ಕೆ ಮೊದಲು ಕಾಫಿ ಗಿಡಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತಿದ್ದೆವು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಬೆರೆಸಿದ ಮೇಲೆ ಮೇಸ್ತ್ರಿ ತನ್ನ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದ. ಕತ್ತಿ ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ಕಬ್ಬಿಣ ಯಾಕೆ ಕೆಂಪಾಗುತ್ತದೆ ಅಂತ ನಾನು ಎಲ್ಲರನ್ನೂ ಕೇಳಿದೆ. ಮೇಸ್ತ್ರಿ, "ಆಗ್ತದೆ ಸಾರ್, ನಮ್ಮ ಅಪ್ಪನ ಕಾಲದಿಂದ್ಲೂ ಆಗ್ತದೆ" ಅಂದ. ಮ್ಯಾನೇಜರ್ ಸಾಹೇಬರು, "ಮೊದ್ಲು ಹೊಡ್ಸೋ ಕೆಲ್ಸ ನೋಡ್ರೀ" ಅಂದರು. ಆ ಕೆಂಪಿನ ಹಿಂದೆ ಬಿದ್ದು ನಾನು ಇಪ್ಪತ್ತೈದನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದವನು. ಆಮೇಲೆ ವಿಜ್ಞಾನವೇ ಬೇಕೆಂದು ಹಠ ಹಿಡಿದು ಪಿಯುಸಿ, ಅದರಲ್ಲಿ ಒಂದು ಸಲ ಫೇಲು, ನಡುವೆ ಮದುವೆ, ಕೊನೆಗೆ ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲನೇ ದಿನ ನಾನು ಕ್ಲಾಸಿನೊಳಗೆ ಕಾಲಿಟ್ಟಾಗ ಮಕ್ಕಳೆಲ್ಲ ಎದ್ದು ನಿಂತು ಗುಡ್ ಮಾರ್ನಿಂಗ್ ಅಂದರು. ನಾನೂ ಗುಡ್ ಮಾರ್ನಿಂಗ್ ಅಂದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಂದಿನಿಂದ ಅವರಿಗೆಲ್ಲ ನಾನು ಅಣ್ಣ.

ನಾನು ಹೇಳಹೊರಟದ್ದು ಕೊನೆಯ ವರ್ಷದ ಸಂಗತಿ. ಆಗ ನನಗೆ ಮೂವತ್ತನಾಲ್ಕು, ಎರಡು ಸಾವಿರದ ಮೇಲಿನ ಐದಾರನೇ ವರ್ಷ ಇರಬೇಕು. ತಮ್ಮ ಬೇರೆ ವ್ಯಾಪಾರಕ್ಕೆ ಹೋಗಿದ್ದ, ಅಂಗಡಿಯನ್ನು ನನ್ನ ಹೆಂಡತಿ ನಡೆಸುತ್ತಿದ್ದಳು. ಅವಳ ಜೊತೆ ಒಂದು ಒಪ್ಪಂದವಾಗಿತ್ತು. "ನೋಡಿ, ಈ ವರ್ಷ ಮುಗಿಸಿದ್ರೆ ಸರಿ. ಇಲ್ಲಾಂದ್ರೆ ಪುಸ್ತಕ ಎಲ್ಲಾ ಅಟ್ಟಕ್ಕೆ ಹಾಕಿ ಅಂಗಡಿಗೆ ಬಂದು ಕೂರ್ಬೇಕು. ನಂಗೂ ಸೊಂಟ ಅಂತ ಒಂದಿದೆ" ಅಂದಿದ್ದಳು. ನ್ಯಾಯವಾದ ಮಾತು. ನಾನು ಒಪ್ಪಿಕೊಂಡಿದ್ದೆ.

ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಸೆಮಿನಾರ್ ಕೊಡಬೇಕು. ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೀಳದಿದ್ದರೆ ಹಾಲ್ ಟಿಕೆಟ್ ಇಲ್ಲ. ನನ್ನ ಕಷ್ಟ ಇದ್ದದ್ದು ಅಲ್ಲಿ. ಇಂಗ್ಲಿಷನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಹೇಗೋ ಬರೆದುಬಿಡುತ್ತಿದ್ದೆ. ಎದ್ದು ನಿಂತು ಮಾತಾಡು ಅಂದರೆ ನಾಲಿಗೆ ಹೊರಳುತ್ತಿರಲಿಲ್ಲ. ಹಿಂದಿನ ವರ್ಷ ಅಭ್ಯಾಸಕ್ಕೆಂದು ಒಂದು ಸೆಮಿನಾರ್ ಇಟ್ಟಾಗ "ರೆಸ್ಪೆಕ್ಟೆಡ್ ಮೇಡಂ" ಅನ್ನುವುದರಲ್ಲೇ ನಿಂತುಹೋಗಿದ್ದೆ. ಬಹಳ ಹೊತ್ತು ನಿಂತಿದ್ದೆ ಅಂತ ಹುಡುಗರು ಹೇಳುತ್ತಾರೆ.

ನಮ್ಮ ಮೇಡಂ, ಅಂದರೆ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆ, ನನಗಿಂತ ಏಳೆಂಟು ವರ್ಷ ದೊಡ್ಡವರು. ಕಟ್ಟುನಿಟ್ಟು. ವಿಷಯಗಳನ್ನು ಚೀಟಿಯಲ್ಲಿ ಬರೆದು ಒಂದು ಬೀಕರಿನಲ್ಲಿ ಹಾಕಿ ಎತ್ತಿಸಿದರು. ನನ್ನ ಚೀಟಿಯಲ್ಲಿ ಬಂದದ್ದು, ಹೈಡ್ರೇಟುಗಳಲ್ಲಿ ಹೈಡ್ರೋಜನ್ ಅನಿಲವನ್ನು ಶೇಖರಿಸಿಡುವುದು, ಅದಕ್ಕೆ ಪ್ರೊಮೋಟರ್ ಎಂಬ ರಾಸಾಯನಿಕಗಳ ಸಹಾಯ. ನಾನು ಚೀಟಿಯನ್ನು ತಿರುಗಿಸಿ ಹಿಂದುಗಡೆಯೂ ನೋಡಿದೆ.

ಎರಡು ದಿನ ಧೈರ್ಯ ಕೂಡಿಸಿಕೊಂಡು ಅವರ ಕೊಠಡಿಗೆ ಹೋದೆ. "ಮೇಡಂ, ಕನ್ನಡದಲ್ಲಿ ಕೊಡ್ಬಹುದಾ?"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೊಡಿ. ಆದ್ರೆ ಒಂದು ಮಾತು. ನೀವು ಬಾಯಿಪಾಠ ಮಾಡಿ ಒಪ್ಪಿಸೋದು ನಂಗೆ ಬೇಡ, ಇಂಗ್ಲಿಷಲ್ಲೂ ಬೇಡ, ಕನ್ನಡದಲ್ಲೂ ಬೇಡ. ಕೂತವ್ರಿಗೆ ಅರ್ಥ ಆಗ್ಬೇಕು."

"ಅರ್ಥ ಆಯ್ತು ಅಂತ ಹೆಂಗೆ ಗೊತ್ತಾಗ್ತದೆ ಮೇಡಂ?"

"ಕೊನೇಲಿ ಯಾರಾದ್ರೂ ಒಬ್ರು ಒಂದು ಸರಿಯಾದ ಪ್ರಶ್ನೆ ಕೇಳ್ಬೇಕು. ಅರ್ಥ ಆಗ್ದೆ ಇದ್ದೋರಿಗೆ ಪ್ರಶ್ನೆ ಹುಟ್ಟಲ್ಲ. ಯಾರೂ ಕೇಳ್ಲಿಲ್ಲ ಅಂದ್ರೆ ಮುಂದಿನ ವಾರ ಇಂಗ್ಲಿಷಲ್ಲಿ ಇನ್ನೊಂದ್ಸಲ."

ಇನ್ನೊಂದು ಸಲ ಇಂಗ್ಲಿಷಿನಲ್ಲಿ ಅಂದರೆ ನನ್ನ ಪಾಲಿಗೆ ಅಟ್ಟಕ್ಕೆ ಹೋಗುವ ಪುಸ್ತಕ ಅಂತಲೇ ಅರ್ಥ.

ಮೇಡಂ ಕೊಟ್ಟ ಜೆರಾಕ್ಸ್ ಹಾಳೆಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಆಲ್ದೂರಿನಿಂದ ವಸ್ತಾರೆ ಮೇಲೆ ಬರುವ ಬಸ್ಸಿನಲ್ಲಿ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಊಟಕ್ಕೆ ಕೂತಾಗ. ಒಂದೊಂದು ಶಬ್ದದ ಅರ್ಥ ಸಿಕ್ಕಿತು, ಒಟ್ಟಿಗೆ ಇಟ್ಟರೆ ಏನೂ ಸಿಗಲಿಲ್ಲ. ಹೈಡ್ರೋಜನ್ ಒಳ್ಳೆ ಇಂಧನ, ಉರಿದರೆ ನೀರು ಮಾತ್ರ ಬರುತ್ತದೆ, ಹೊಗೆಯಿಲ್ಲ. ಇಷ್ಟು ಗೊತ್ತಾಯಿತು. ಆದರೆ ಅದು ಎಲ್ಲಕ್ಕಿಂತ ಹಗುರವಾದ ಅನಿಲ, ಹಿಡಿದಿಡುವುದೇ ಕಷ್ಟ. ನೀರನ್ನು ಒತ್ತಡದಲ್ಲಿ ತಣ್ಣಗೆ ಮಾಡಿದರೆ ನೀರಿನ ಅಣುಗಳು ಒಂದರ ಕೈ ಒಂದು ಹಿಡಿದು ಪುಟ್ಟ ಪುಟ್ಟ ಗೂಡುಗಳಾಗುತ್ತವೆ, ಆ ಗೂಡಿನೊಳಗೆ ಅನಿಲ ಕೂರುತ್ತದೆ. ಅದಕ್ಕೆ ಹೈಡ್ರೇಟ್ ಅಂತ ಹೆಸರು, ನೋಡಲು ಮಂಜುಗಡ್ಡೆಯ ಹಾಗೆ. ಬರೀ ಹೈಡ್ರೋಜನ್ನನ್ನು ಹಾಗೆ ಕೂರಿಸಬೇಕಾದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಎರಡು ಸಾವಿರ ಪಟ್ಟು ಒತ್ತಬೇಕು. ಟಿ.ಎಚ್.ಎಫ್. ಎಂಬ ದ್ರವವನ್ನು ನೀರಿಗೆ ಸ್ವಲ್ಪ ಬೆರೆಸಿದರೆ ಐವತ್ತು ಅರವತ್ತು ಪಟ್ಟು ಸಾಕು. ಈ ದ್ರವಕ್ಕೇ ಪ್ರೊಮೋಟರ್ ಅನ್ನುವುದು. ಯಾಕೆ ಸಾಕು ಅನ್ನುವುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಲ್ಯಾಬಿನಲ್ಲಿ ಒಬ್ಬ ಅಟೆಂಡರ್ ಇದ್ದ. ನನ್ನದೇ ವಯಸ್ಸು, ಕಳಸದ ಕಡೆಯವನು, ಅಲ್ಲಿನ ಒಂದು ತೋಟದ ಲೈನಿನಲ್ಲಿ ಹುಟ್ಟಿ ಬೆಳೆದವನು. ಕಾಲೇಜಿನಲ್ಲಿ ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದವನು ಅವನೊಬ್ಬನೇ. ನಾನು ಹಾಳೆ ಹಿಡಿದು ಕೂತದ್ದನ್ನು ನೋಡಿ ಒಂದು ದಿನ ಕೇಳಿದ.

"ಎಂತದು ಮಾರಾಯ, ಒಂದು ವಾರದಿಂದ ಅದೇ ಪುಟ ನೋಡ್ತಿದ್ದೀಯಲ್ಲ. ಫೋಟೋ ಗೀಟೋ ಉಂಟಾ ಅದ್ರಲ್ಲಿ?"

ಫೋಟೋ ಇರಲಿಲ್ಲ, ಚಿತ್ರ ಇತ್ತು. ಗೂಡುಗಳ ಚಿತ್ರ. ಒಂದು ಕಂತೆಯಲ್ಲಿ ಇಪ್ಪತ್ತನಾಲ್ಕು ಗೂಡು, ಹದಿನಾರು ಚಿಕ್ಕವು, ಎಂಟು ದೊಡ್ಡವು. ಗೋಡೆಗೆ ಗೋಡೆ ಅಂಟಿಕೊಂಡು. ಅವನಿಗೆ ತೋರಿಸಲು ಹಾಳೆ ತಿರುಗಿಸಿದವನು ನಾನೇ ಅದನ್ನು ಹೊಸದಾಗಿ ನೋಡಿದ ಹಾಗಾಯಿತು. ಇಂಥ ಇಪ್ಪತ್ತನಾಲ್ಕು ಮನೆಗಳಿಗೆ ಆಳು ತುಂಬಿಸುವುದೇ ಮೂಡಿಗೆರೆಯಾಚೆ ಆರು ವರ್ಷ ನನ್ನ ಕೆಲಸವಾಗಿತ್ತು.

ಕೊಯ್ಲಿನ ಹೊತ್ತಿಗೆ ಬಯಲುಸೀಮೆಯಿಂದ ಲಾರಿಯಲ್ಲಿ ಜನ ಬರುತ್ತಿದ್ದರು. ಬಂದವರು ನೇರವಾಗಿ ಲೈನಿನೊಳಗೆ ಹೋಗುತ್ತಿರಲಿಲ್ಲ. ಅಂಗಳದಲ್ಲಿ ಗಂಟುಮೂಟೆ ಇಟ್ಟು, ಅದರ ಮೇಲೆ ಕೂತುಬಿಡುತ್ತಿದ್ದರು. ನಾನು ಹೊಸಬನಿದ್ದಾಗ ಬಾಗಿಲು ತೆರೆದು, "ಬನ್ನಿ, ಇದು ನಿಮ್ಗೆ, ಅದು ಅವ್ರಿಗೆ" ಅಂತ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದೇನೆ. ಮ್ಯಾನೇಜರ್ ಸಾಹೇಬರೇ ಜೀಪಿನಲ್ಲಿ ಬಂದು ಗದರಿಸಿದರೂ ಒಬ್ಬರೂ ಅಲುಗಾಡಲಿಲ್ಲ. ಅವರ ಪದ್ಧತಿ ಬೇರೆ. ಮೊದಲು ಅವರನ್ನು ಕರೆತಂದ ಮೇಸ್ತ್ರಿ ಸಂಸಾರ ಸಮೇತ ಲೈನಿನ ದೊಡ್ಡ ಮನೆಗೆ ಹೊಗಬೇಕು, ಅವನ ಹೆಂಡತಿ ಒಲೆ ಹೊತ್ತಿಸಬೇಕು, ಹೆಂಚಿನ ಸಂದಿಯಿಂದ ಹೊಗೆ ಏಳಬೇಕು. ಹೊಗೆ ಕಂಡ ಮೇಲೆ ಯಾರೂ ಹೇಳದೆಯೇ ಎದ್ದು, ಅಕ್ಕಪಕ್ಕದ ಚಿಕ್ಕ ಮನೆಗಳಿಗೆ ತಾವಾಗಿಯೇ ಹೋಗಿ ಗಂಟು ಬಿಚ್ಚುತ್ತಿದ್ದರು. ಇನ್ನೊಂದು ವಿಷಯ. ಒಂದು ಮಳೆಗಾಲ ಪೂರ್ತಿ ಯಾರೂ ಇಲ್ಲದೆ ಬಿಟ್ಟರೆ ಆ ಮಣ್ಣಿನ ಗೋಡೆಗಳು ಕುಸಿಯುತ್ತಿದ್ದವು. ಹೈಡ್ರೇಟೂ ಹಾಗೆಯೇ, ಗೂಡಿನೊಳಗೆ ಯಾರೂ ಇಲ್ಲದಿದ್ದರೆ ಗೂಡು ನಿಲ್ಲುವುದಿಲ್ಲ ಅಂತ ಆ ಹಾಳೆಯಲ್ಲೇ ಬರೆದಿತ್ತು.

ಟಿ.ಎಚ್.ಎಫ್. ದೊಡ್ಡ ಗೂಡಿಗೆ ಹೋಗಿ ಕೂತು ಇಡೀ ಲೈನನ್ನು ನಿಲ್ಲಿಸುತ್ತದೆ. ಆಮೇಲೆ ಹೈಡ್ರೋಜನ್ ಹೆಚ್ಚು ಒತ್ತಡವಿಲ್ಲದೆ ಚಿಕ್ಕ ಗೂಡುಗಳಿಗೆ ಹೋಗುತ್ತದೆ. ಅಷ್ಟೆ. ಒಂದು ವಾರದಿಂದ ಡಿಕ್ಷನರಿಯಲ್ಲಿ ಹುಡುಕುತ್ತಿದ್ದದ್ದು ಇದು.

ಅಟೆಂಡರನಿಗೆ ನಾನು ಏನೂ ವಿವರಿಸಲಿಲ್ಲ. ಖುಷಿಯಲ್ಲಿ ಅವನಿಗೆ ಕ್ಯಾಂಟೀನಿನಲ್ಲಿ ಬನ್ನು ಕೊಡಿಸಿದೆ. "ಎಂತ ಆಯ್ತು ನಿಂಗೆ" ಅಂತ ಕೇಳುತ್ತಲೇ ತಿಂದ.

ಅಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಆ ಹಾಳೆಗಳಲ್ಲಿ ಇನ್ನೊಂದು ಸಾಲು ಇತ್ತು. ಟಿ.ಎಚ್.ಎಫ್. ಬೆರೆಸಿದ ನೀರು ಒತ್ತಡವೇ ಇಲ್ಲದೆ, ಬರೀ ನೀರು ಮಂಜುಗಡ್ಡೆಯಾಗುವುದಕ್ಕಿಂತ ಮೊದಲೇ, ಸುಮಾರು ನಾಲ್ಕು ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ ಅಂತ. ಹೈಡ್ರೋಜನ್ ತುಂಬಿಸುವ ಯಂತ್ರ ನಮ್ಮಲ್ಲಿ ಇಲ್ಲ. ಆದರೆ ಮೇಸ್ತ್ರಿ ಮನೆ ಹೊಗುವುದನ್ನಾದರೂ ತೋರಿಸಬಹುದಲ್ಲ. ಎರಡು ಪ್ರನಾಳ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಟಿ.ಎಚ್.ಎಫ್. ಬೆರೆಸಿದ ನೀರು. ಎರಡನ್ನೂ ಐಸಿನಲ್ಲಿ ಇಟ್ಟರೆ ಒಂದು ನೀರಾಗಿಯೇ ಉಳಿಯಬೇಕು, ಇನ್ನೊಂದು ಗಟ್ಟಿಯಾಗಬೇಕು. ದ್ರವದ ಬಾಟಲಿ ಲ್ಯಾಬಿನ ಕಪಾಟಿನಲ್ಲಿತ್ತು. ಮೇಡಂ ಒಪ್ಪಿದರು, ಬೆಂಕಿ ಹತ್ತಿರ ಬರಬಾರದು, ಕಿಟಕಿ ತೆರೆದಿರಬೇಕು ಅಂತ ಎರಡೆರಡು ಸಲ ಹೇಳಿ ಅಳತೆ ಮಾಡಿ ಕೊಟ್ಟರು.

ಐಸ್ ಎಲ್ಲಿಂದ ತರುವುದು? ನಮ್ಮ ವಿಭಾಗದ ಫ್ರಿಜ್ ಕೆಟ್ಟಿತ್ತು. ಡಿಸೆಂಬರ್ ಚಳಿಯಲ್ಲಿ ಐಸ್‌ಕ್ಯಾಂಡಿಯವನು ಬಾಗಿಲು ಹಾಕಿಕೊಂಡಿದ್ದ. ಅಟೆಂಡರ್ ಹೇಳಿದ, "ಮೀನು ಮಾರ್ಕೆಟ್ಟಿಗೆ ಹೋಗು. ಮಂಗಳೂರಿಂದ ವ್ಯಾನ್ ಬರ್ತದಲ್ಲ, ಅದ್ರಲ್ಲಿ ಐಸೇ ಐಸು."

ನಾವು ಲಿಂಗಾಯತರು. ಮೀನು ಮಾರ್ಕೆಟ್ಟಿನ ಮುಂದೆ ಹೋಗುವಾಗ ಉಸಿರು ಬಿಗಿ ಹಿಡಿದು ದಾಟಿದವನೇ ಹೊರತು ಒಳಗೆ ಕಾಲಿಟ್ಟವನಲ್ಲ. ಅಂಗಡಿಯಿಂದ ಒಂದು ಹಳೇ ಪೇಂಟಿನ ಬಕೆಟ್ ತಂದು, ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಕರಾವಳಿ ಕಡೆಯ ಒಬ್ಬರು ಬಂಗುಡೆ ರಾಶಿಯ ಹಿಂದೆ ಕೂತಿದ್ದವರು ನನ್ನನ್ನು ನೋಡಿದರು.

"ಎಷ್ಟು ಬೇಕು?"

"ಮೀನು ಬೇಡ. ಐಸ್ ಬೇಕಿತ್ತು."

"ಮೀನು ತಿನ್ನುವವರಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತದೆ ಮಾರ್ರೆ. ಐಸ್ ಎಂತಕ್ಕೆ?"

"ಹೈಡ್ರೋಜನ್ ಇಡೋದು ಹೆಂಗೆ ಅಂತ ತೋರ್ಸೋಕೆ."

"ಅದು ಎಂತ ಮೀನು? ನಾನು ನೋಡ್ಲೇ ಇಲ್ಲ" ಅಂದರು ಅವರು, ಮುಖ ಒಂದಿಷ್ಟೂ ಬದಲಾಗದೆ. ಅಕ್ಕಪಕ್ಕದ ಅಂಗಡಿಯವರೆಲ್ಲ ನಕ್ಕರು. ಪುಣ್ಯಾತ್ಮರು ಬಕೆಟ್ ತುಂಬಿಸಿಯೇ ಕೊಟ್ಟರು.

ಲ್ಯಾಬಿನಲ್ಲಿ ಎರಡು ಪ್ರನಾಳಗಳನ್ನೂ ಐಸಿನೊಳಗೆ ಹೂತಿಟ್ಟು ಅರ್ಧ ಗಂಟೆ ಕಾದೆ. ತೆಗೆದು ನೋಡಿದರೆ ಎರಡೂ ಗಟ್ಟಿ. ಕಲ್ಲಿನ ಹಾಗೆ. ಬರೀ ನೀರಿನದ್ದು ಪ್ರನಾಳವನ್ನೇ ಸೀಳಿತ್ತು. ಇನ್ನೊಂದು ಸಲ ಮಾಡಿದೆ, ಮತ್ತೆ ಎರಡೂ ಗಟ್ಟಿ. ವ್ಯತ್ಯಾಸವೇ ಇಲ್ಲ. ನಾನು ತುಂಬ ಯೋಚಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೇಡಂ ಹತ್ತಿರ ಹೋದೆ.

"ಮೇಡಂ, ಪೇಪರಿನಲ್ಲಿ ಬರೆದದ್ದು ತಪ್ಪು ಅಂತ ಕಾಣ್ತದೆ. ಟಿ.ಎಚ್.ಎಫ್. ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಪಾಪ, ಅವ್ರು ಸರಿಯಾಗಿ ನೋಡಿರ್ಲಿಕ್ಕಿಲ್ಲ."

ಮೇಡಂ ನನ್ನ ಜೊತೆ ಲ್ಯಾಬಿಗೆ ಬಂದರು. ಬಾಗಿಲಲ್ಲೇ ಸೆರಗು ಮೂಗಿಗೆ ಹೋಯಿತು. "ಏನಿದು ವಾಸ್ನೆ? ಐಸ್ ಎಲ್ಲಿಂದ ತಂದ್ರಿ?"

"ಮೀನು ಮಾರ್ಕೆಟ್ಟಿಂದ ಮೇಡಂ."

"ಥರ್ಮಾಮೀಟರ್ ಇಟ್ಟು ನೋಡಿದ್ರಾ?"

"ಐಸ್ ಅಂದ್ರೆ ಸೊನ್ನೆ ಡಿಗ್ರಿ ಅಲ್ವಾ ಮೇಡಂ, ಮತ್ತೆ ನೋಡೋದೆಂತಕ್ಕೆ?"

ಅವರು ಒಂದು ಥರ್ಮಾಮೀಟರನ್ನು ತೆಗೆದು ನನ್ನ ಕೈಗೆ ಕೊಟ್ಟು ಹೊರಟುಹೋದರು. ಬಕೆಟ್ಟಿನಲ್ಲಿ ಇಟ್ಟೆ. ಪಾದರಸ ಸೊನ್ನೆ ದಾಟಿ ಕೆಳಗಿಳಿಯಿತು, ಇಳಿಯುತ್ತಲೇ ಹೋಯಿತು, ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ನಿಂತಿತು. ನಾನು ಬಕೆಟ್ ಹಿಡಿದುಕೊಂಡು ಮತ್ತೆ ಮಾರ್ಕೆಟ್ಟಿಗೆ ಓಡಿದೆ.

"ನಿಮ್ಮ ಐಸ್ ಯಾಕೆ ಇಷ್ಟು ತಣ್ಣಗಿದೆ?"

ಅವರಿಗೆ ನನ್ನ ಮೇಲೆ ನಿಜವಾಗಿ ಕನಿಕರ ಬಂದ ಹಾಗಿತ್ತು. "ಉಪ್ಪು ಹಾಕಿದ್ದು ಮಾರ್ರೆ. ಘಾಟಿ ಹತ್ತಿ ಬರುವ ಮೀನಿಗೆ ಐಸಿಗೆ ಕಲ್ಲುಪ್ಪು ಹಾಕದಿದ್ರೆ ಕೊಟ್ಟಿಗೆಹಾರಕ್ಕೆ ಬರುವಾಗಲೇ ವಾಸನೆ. ನೀವು ಕಾಲೇಜಿನವರಲ್ವಾ, ಇಷ್ಟೂ ಹೇಳಿಕೊಡುವುದಿಲ್ವಾ ಅಲ್ಲಿ?"

ಹೇಳಿಕೊಟ್ಟಿದ್ದರು. ಉಪ್ಪು ಬೆರೆತರೆ ಐಸು ಸೊನ್ನೆಗಿಂತ ಕೆಳಗಿಳಿಯುತ್ತದೆ ಅಂತ ಎರಡನೇ ವರ್ಷದ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದಿದ್ದೆ. ಅದು ಮೀನಿನ ಬಕೆಟ್ಟಿನಲ್ಲೂ ಆಗುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ. ಅಷ್ಟು ತಣ್ಣಗಿದ್ದರೆ ಬರೀ ನೀರೂ ಗಟ್ಟಿಯಾಗದೆ ಏನು ಮಾಡುತ್ತದೆ? ಸೆಮಿನಾರಿನ ದಿನ ಬೆಳಿಗ್ಗೆ ಉಪ್ಪು ಮುಟ್ಟದ ಒಂದು ಐಸಿನ ಹಲಗೆಯನ್ನು ಬೇರೆ ತೆಗೆದಿಡುತ್ತೇನೆ ಅಂತ ಅವರು ಮಾತು ಕೊಟ್ಟರು.

ಸಂಜೆ ಆಲ್ದೂರಿನಲ್ಲಿ ಬಸ್ಸಿಳಿದರೆ ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಹೆಂಡತಿ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು.

"ಮೀನು ಮಾರ್ಕೆಟ್ಟಲ್ಲಿ ಬಕೆಟ್ ಹಿಡ್ಕೊಂಡು ನಿಂತಿದ್ರಂತೆ. ಎರಡು ಸಲ ಬಂದು ಹೋದ್ರಂತೆ."

"ಅದು ಸೆಮಿನಾರಿಗೆ ಕಣೇ."

"ಹೌದಾ. ನಾನೂ ಹಂಗೇ ಹೇಳ್ದೆ. ಸುದ್ದಿ ತಂದೋರು ಕೇಳಿದ್ರು, ಸೆಮಿನಾರನ್ನ ಹುರೀತಾರಾ, ಸಾರು ಮಾಡ್ತಾರಾ ಅಂತ."

ಬಕೆಟ್ಟನ್ನು ಮಾತ್ರ ಅವಳು ಒಳಗೆ ತರಲು ಬಿಡಲಿಲ್ಲ.

ಸೆಮಿನಾರಿನ ದಿನ ಬಂತು. ಎರಡನೇ ಮಹಡಿಯ ಲ್ಯಾಬಿನಲ್ಲೇ ಬೆಂಚುಗಳನ್ನು ಜೋಡಿಸಿದ್ದರು. ನಮ್ಮ ಕ್ಲಾಸಿನವರು, ಜೊತೆಗೆ ಮೊದಲ ವರ್ಷದವರನ್ನೂ ಮೇಡಂ ಕರೆಸಿದ್ದರು, ಒಟ್ಟು ಐವತ್ತರ ಹತ್ತಿರ ಜನ. ಐಸನ್ನು ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಮುಂದಿನ ಬೆಂಚಿನವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಮೇಡಂ ಮಾತ್ರ ಕಿಟಕಿ ಪಕ್ಕದ ಕುರ್ಚಿಯಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತರು. ಅಟೆಂಡರ್ ಬಾಗಿಲಿಗೆ ಒರಗಿ ನಿಂತ. ನಾನು ಥರ್ಮಾಮೀಟರನ್ನು ಎಲ್ಲರಿಗೂ ತೋರಿಸಿ, ಸರಿಯಾಗಿ ಸೊನ್ನೆ ಅಂತ ಓದಿ ಹೇಳಿ, ಎರಡು ಪ್ರನಾಳಗಳನ್ನು ಕರಗುವ ಐಸಿನಲ್ಲಿ ಇಟ್ಟೆ. ಆಮೇಲೆ ಬೋರ್ಡಿನ ಮೇಲೆ ಇಪ್ಪತ್ತನಾಲ್ಕು ಮನೆಗಳ ಲೈನ್ ಬರೆದೆ.

ನಾನು ಹೇಳಿದ್ದು ಹೆಚ್ಚುಕಡಿಮೆ ಮೇಲೆ ಬರೆದದ್ದೇ. ಅಂಗಳದಲ್ಲಿ ಗಂಟಿನ ಮೇಲೆ ಕೂತ ಹೈಡ್ರೋಜನ್. ಜೀಪಿನಲ್ಲಿ ಬಂದು ಒತ್ತಡ ಹಾಕುವ ಮ್ಯಾನೇಜರ್, ಅಂದರೆ ಎರಡು ಸಾವಿರ ಪಟ್ಟು ಒತ್ತುವ ಯಂತ್ರ. ಮೊದಲು ದೊಡ್ಡ ಮನೆ ಹೊಕ್ಕು ಒಲೆ ಹೊತ್ತಿಸುವ ಮೇಸ್ತ್ರಿ, ಅವನೇ ಟಿ.ಎಚ್.ಎಫ್. ಅಂದೆ. ದೇವರು ಮೈಮೇಲೆ ಬಂದವರ ಹಾಗೆ ಮಾತಾಡಿದೆ. ನಾಲಿಗೆ ಒಂದು ಕಡೆಯೂ ನಿಲ್ಲಲಿಲ್ಲ. ಹುಡುಗರು ನಕ್ಕರು, ಅದು ನನ್ನನ್ನು ನೋಡಿ ನಕ್ಕ ನಗೆಯಲ್ಲ ಅಂತ ಗೊತ್ತಾಗುತ್ತಿತ್ತು.

ಇಪ್ಪತ್ತು ನಿಮಿಷ ಆದ ಮೇಲೆ ಪ್ರನಾಳಗಳನ್ನು ಎತ್ತಿದೆ. ಬರೀ ನೀರು ನೀರಾಗಿಯೇ ಇತ್ತು. ಟಿ.ಎಚ್.ಎಫ್. ಬೆರೆಸಿದ್ದೂ ನೀರಾಗಿಯೇ ಇತ್ತು.

ಹಿಂದಿನ ಬೆಂಚಿನಿಂದ ಒಬ್ಬ, "ಅಣ್ಣಾ, ಮೇಸ್ತ್ರಿ ಇನ್ನೂ ಲಾರಿ ಇಳ್ದಿಲ್ಲ" ಅಂದ. ನಗೆ ಜೋರಾಯಿತು. ಆಗ ಮೇಡಂ ಕೂತಲ್ಲಿಂದಲೇ, "ಹರಳು ಹುಟ್ಟೋಕೆ ಒಂದು ಗೀರು ಬೇಕು. ಗಾಜಿನ ಕಡ್ಡಿ ತಗೊಂಡು ಒಳಗೆ ಗೋಡೆಗೆ ಸ್ವಲ್ಪ ಉಜ್ಜಿ" ಅಂದರು. ಎರಡು ಸಲ ಉಜ್ಜಿದೆನೋ ಇಲ್ಲವೋ, ಕಡ್ಡಿಯ ತುದಿಯಿಂದ ಬಿಳಿ ಹರಳು ಹೊರಟು, ನೋಡುತ್ತಿದ್ದ ಹಾಗೆ ಪ್ರನಾಳದ ತುಂಬ ಹಬ್ಬಿತು. ಕಡ್ಡಿಯನ್ನು ಎತ್ತಿದರೆ ಪ್ರನಾಳವೂ ಅಂಟಿಕೊಂಡು ಮೇಲೆ ಬಂತು. ಇನ್ನೊಂದನ್ನು ಬಗ್ಗಿಸಿದೆ, ನೀರು ಸುರಿಯಿತು. ಹುಡುಗರು ಚಪ್ಪಾಳೆ ತಟ್ಟಿದರು. ವಾಸನೆಯನ್ನು ಮರೆತು ಮುಂದಕ್ಕೆ ಬಂದು ಮುಟ್ಟಿ ನೋಡಿದರು.

ಎಲ್ಲ ಮುಗಿದು ಕೂತ ಮೇಲೆ ಮೇಡಂ ಗಡಿಯಾರ ನೋಡಿದರು. "ಪ್ರಶ್ನೆಗಳು?"

ಮೊದಲಿಗೆ ಒಬ್ಬರೂ ಕೈ ಎತ್ತಲಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ನನ್ನನ್ನು ಕಂಡರೆ ಪ್ರೀತಿ ಇದ್ದ ಒಬ್ಬ ಹುಡುಗಿ ಕೈ ಎತ್ತಿ, "ಅಣ್ಣ, ಇದು ಎಕ್ಸಾಮಿಗೆ ಬರುತ್ತಾ?" ಅಂದಳು. ಮೇಡಂ ಇಲ್ಲ ಅನ್ನುವ ಹಾಗೆ ತಲೆಯಾಡಿಸಿದರು. ಇನ್ನೊಬ್ಬ, "ಐಸ್ ಯಾವ ಮೀನಿಂದು?" ಅಂದ. ಅದೂ ಲೆಕ್ಕಕ್ಕೆ ಬರಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕತೊಡಗಿದರು. ಮುಂದಿನ ವಾರ, ಇಂಗ್ಲಿಷು, "ರೆಸ್ಪೆಕ್ಟೆಡ್ ಮೇಡಂ" ಅಂದಮೇಲಿನ ಆ ಮೌನ, ಎಲ್ಲ ಕಣ್ಣ ಮುಂದೆ ಬಂತು.

"ನಂದೊಂದು ಉಂಟು" ಅಂತ ಬಾಗಿಲ ಕಡೆಯಿಂದ ಕೇಳಿಸಿತು. ಅಟೆಂಡರ್. "ಕೇಳ್ಬಹುದಾ ಮೇಡಂ?"

ಮೇಡಂ ಹೂಂ ಅಂದರು.

"ಅಲ್ಲ, ನಾನು ಲೈನಲ್ಲೇ ಹುಟ್ಟಿದವ್ನು. ಎಂಟು ದೊಡ್ಡ ಮನೆಗೂ ಎಂಟು ಮೇಸ್ತ್ರಿನೇ ಹೊಕ್ಕಿಬಿಟ್ರೆ ಹಣ್ಣು ಕೊಯ್ಯೋರಿಗೆ ಉಳಿಯೋದು ಚಿಕ್ಕ ಮನೆ ಮಾತ್ರ ಅಲ್ವಾ? ಮೇಸ್ತ್ರಿ ಏನು ಕೊಯ್ಯಲ್ಲ. ಸುಮ್ನೆ ಕೂತಿರ್ತಾನೆ. ಹಂಗಾದ್ರೆ ಹೈಡ್ರೋಜನ್ ಜಾಸ್ತಿ ಹಿಡಿಯೋದು ಎಲ್ಲಿಂದ? ಮೇಸ್ತ್ರಿಗಳನ್ನ ತುಂಬ್ಸೋಕೆ ಲೈನ್ ಕಟ್ಟಿದಂಗಾಯ್ತು."

ನಾನು ಬೋರ್ಡನ್ನು ನೋಡಿದೆ. ಅವನು ಹೇಳಿದ್ದು ಸರಿ. ಹಾಗೆ ನೋಡಿದರೆ ಒತ್ತಡ ಕಡಿಮೆಯಾದದ್ದಕ್ಕೆ ಜಾಗವನ್ನು ಬಿಟ್ಟುಕೊಟ್ಟ ಹಾಗಾಯಿತು. ಉತ್ತರ ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ" ಅಂತಲೇ ಹೇಳಿದೆ.

ಮೇಡಂ ಅವನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ನಾವಿಬ್ಬರೂ ದಿನಾ ಒಟ್ಟಿಗೆ ಟೀ ಕುಡಿಯುವುದು ಅವರಿಗೆ ಗೊತ್ತಿತ್ತು. "ಇದನ್ನ ನೀವು ಇವ್ರಿಗೆ ಮೊದ್ಲೇ ಹೇಳ್ಕೊಟ್ಟಿದ್ರಾ?" ಅಂತ ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ. "ಮೇಡಂ, ಹೇಳ್ಕೊಟ್ಟಿದ್ರೆ ಅವ್ರಿಗೆ ಉತ್ರ ಗೊತ್ತಿರ್ತಿತ್ತಲ್ಲ. ಮುಖ ನೋಡಿ ಅವ್ರದ್ದು."

ಎಲ್ಲರೂ ನನ್ನ ಮುಖ ನೋಡಿದರು. ಆ ಹೊತ್ತಿಗೆ ಅದು ಹೇಗಿತ್ತೋ ನನಗೆ ಗೊತ್ತಿಲ್ಲ, ಮೇಡಂ ಕೂಡ ನಕ್ಕುಬಿಟ್ಟರು. ಮೂರು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾವು ನೋಡಿರಲಿಲ್ಲ. ಆದರೂ ಬಿಡಲಿಲ್ಲ, ಅವನನ್ನೇ ಮತ್ತೆ ಕೇಳಿದರು. "ಸರಿ, ನೀವು ರೈಟರ್ ಆಗಿದ್ರೆ ಏನ್ ಮಾಡ್ತಿದ್ರಿ?"

"ಎಂಟು ಮೇಸ್ತ್ರಿ ಎಂತಕ್ಕೆ ಮೇಡಂ? ಒಂದಿಬ್ರು ಸಾಕಲ್ವಾ ನೋಡ್ತಿದ್ದೆ. ಉಳ್ದ ದೊಡ್ಡ ಮನೆಗೆ ನಾಲ್ಕು ನಾಲ್ಕು ಜನ ಕೊಯ್ಯೋರನ್ನೇ ಹಾಕ್ತಿದ್ದೆ. ಲೈನ್ ಬೀಳ್ತದಾ ನಿಲ್ತದಾ, ಅದು ಮಾಡಿ ನೋಡಿದ್ರೆ ತಾನೆ ಗೊತ್ತಾಗೋದು."

ಮೇಡಂ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು. ದೊಡ್ಡ ಗೂಡಿನಲ್ಲಿ ನಾಲ್ಕು ಹೈಡ್ರೋಜನ್ ಕೂರಬಹುದು ಅಂತಲೇ ಲೆಕ್ಕವೆಂದೂ, ಪ್ರೊಮೋಟರನ್ನು ಕಡಿಮೆ ಮಾಡಿ ಅಲ್ಲಿಗೂ ಹೈಡ್ರೋಜನ್ ತುಂಬಿಸಲು ಆಗುತ್ತದೋ ಇಲ್ಲವೋ ಅಂತ ಹೊರಗಿನ ದೊಡ್ಡ ಲ್ಯಾಬುಗಳಲ್ಲಿ ಈಗಲೂ ಜಗಳ ನಡೆಯುತ್ತಿದೆಯೆಂದೂ, ಕೆಲವರು ಆಗುತ್ತದೆ ಅನ್ನುತ್ತಾರೆ, ಕೆಲವರು ತಾವು ಮಾಡಿ ನೋಡಿದರೆ ಆಗಲಿಲ್ಲ ಅನ್ನುತ್ತಾರೆಂದೂ ಹುಡುಗರಿಗೆ ಹೇಳಿದರು. ಕನ್ನಡದಲ್ಲೇ ಹೇಳಿದರು. ಆಮೇಲೆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಸಹಿ ಹಾಕಿ, ನನಗೆ ಕಾಣುವ ಹಾಗೆ ಪುಸ್ತಕವನ್ನು ತಿರುಗಿಸಿ ಹಿಡಿದರು.

"ಮುಂದಿನ ವಾರ ನೀವು ಬರೋದು ಬೇಡ" ಅಂದರು. "ಬಕೆಟ್ ಮಾತ್ರ ಇವತ್ತೇ ತಗೊಂಡು ಹೋಗಿ."

ಹಾಲ್ ಟಿಕೆಟ್ ಬಂತು, ಪರೀಕ್ಷೆ ಬರೆದೆ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಫಲಿತಾಂಶದ ದಿನ ಅಟೆಂಡರ್ ಕಾಲೇಜಿನ ಗೇಟಿನಲ್ಲೇ ನನ್ನನ್ನು ಹಿಡಿದುಕೊಂಡು, "ಪಾಸು ಮಾಡ್ಸಿದವ್ನು ನಾನು. ಒಂದು ಬನ್ನಲ್ಲಿ ಮುಗಿಯಲ್ಲ, ಊಟ ಆಗ್ಬೇಕು ಮಾರಾಯ" ಅಂದ. ಊಟಕ್ಕೆ ಕರೆದುಕೊಂಡು ಹೋದೆ. ಅವನು ಬೇಕೆಂದೇ ಮೀನಿನ ಹೋಟೆಲ್ಲು ಆರಿಸಿದ. ನಾನು ಎದುರಿಗೆ ಕೂತು ಮೊಸರನ್ನ ತಿಂದೆ.

ಆಮೇಲೆ ಹಲವು ವರ್ಷ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟೆ, ಈಗಲೂ ಬಿಡುವಿದ್ದಾಗ ಹೇಳಿಕೊಡುತ್ತೇನೆ. ಮಂಜುಗಡ್ಡೆಯಲ್ಲಿ ಹೈಡ್ರೋಜನ್ ತುಂಬಿಸಿ ಓಡಿಸುವ ಕಾರನ್ನು ನಾನಂತೂ ನಮ್ಮ ಕಡೆ ನೋಡಿಲ್ಲ. ಅವನ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದೆಯೋ ಇಲ್ಲವೋ ಅದೂ ನನಗೆ ತಿಳಿಯದು. ಗೊತ್ತಿದ್ದವರು ದಯವಿಟ್ಟು ತಿಳಿಸಿ, ಅವನಿಗೆ ಫೋನ್ ಮಾಡಿ ಹೇಳುತ್ತೇನೆ.

ನಿಮ್ಮಲ್ಲೂ ನನ್ನ ಹಾಗೆ ತಡವಾಗಿ ಓದಲು ಹೊರಟವರು ಇರಬಹುದು. ಪುಸ್ತಕದಲ್ಲಿ ತಿಳಿಯದ್ದು ನಿಮ್ಮ ಕೆಲಸದ ಜಾಗದಲ್ಲಿ, ಅಡುಗೆಮನೆಯಲ್ಲಿ, ಗದ್ದೆಯಲ್ಲಿ ತಟ್ಟನೆ ತಿಳಿದ ಸಂದರ್ಭ ಇರಬಹುದು. ನೀವು ಮಾಡಿಕೊಂಡ ಎಡವಟ್ಟುಗಳೂ ಇರಬಹುದು, ಅವು ಇದ್ದರೆ ಇನ್ನೂ ಒಳ್ಳೆಯದು. ಎರಡು ಸಾಲಾದರೂ ಸರಿ, ಬರೆದು ತಿಳಿಸಿ. ಓದುವುದರಲ್ಲಿ ನಾನು ಟೈಪ್ ಮಾಡುವಷ್ಟು ನಿಧಾನವಿಲ್ಲ.